ಸ್ಟೋರೇಜ್ ಸಾಫ್ಟ್‌ವೇರ್‌ನಲ್ಲಿ ಒಂದು ಗಳಿಗೆ ಹಸಿರು, ಒಂದು ಗಳಿಗೆ ಕೆಂಪು. ಪಿಂಗ್ ಮಾತ್ರ ಸರಿಯಾಗಿ ಬರುತ್ತಿದೆ

ಸೊಸೈಟಿ_ಸಿಸ್ಟಮ್:

ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನಾನು ಸ್ಟೋರೇಜ್ ಕಲಿತವನಲ್ಲ. ಶಿವಮೊಗ್ಗ ಕಡೆಯ ಒಂದು ಸಹಕಾರ ಸಂಘದಲ್ಲಿ ಕಂಪ್ಯೂಟರ್, ಪ್ರಿಂಟರ್, ಯುಪಿಎಸ್, ಕೊನೆಗೆ ಮೀಟಿಂಗ್ ದಿನದ ಮೈಕ್ ಕೂಡ ನನ್ನ ತಲೆಗೇ. ನಮ್ಮ ರ‍್ಯಾಕಿನಲ್ಲಿ 12 ಡಿಸ್ಕಿನ, ಎರಡು ಕಂಟ್ರೋಲರ್ (ಡಿಸ್ಕುಗಳನ್ನು ನಡೆಸುವ ಬೋರ್ಡು) ಇರುವ ಹಳೆಯ ಸ್ಟೋರೇಜ್ ಪೆಟ್ಟಿಗೆ ಇದೆ. ಎರಡು ಸರ್ವರ್‌ಗಳು ಸಾಸ್ (ಎಸ್ಎಎಸ್) ಅನ್ನುವ ಡೇಟಾ ಕೇಬಲ್ ಮೂಲಕ ಅದಕ್ಕೆ ಸೇರಿವೆ. ಹಾಕಿಕೊಟ್ಟವರು ಬಿಟ್ಟುಹೋಗಿ ವರ್ಷಗಳಾದವು, ಪಾಸ್‌ವರ್ಡ್ ಬರೆದ ಒಂದು ಚೀಟಿ ಮಾತ್ರ ನಮ್ಮ ಕೈಗೆ ಬಂತು.

ಕಳೆದ ವಾರ ರಾತ್ರಿ ಸಿಡಿಲು ಹೊಡೆದು ರೌಟರ್ ಸುಟ್ಟಿತು, ಕರೆಂಟೂ ಹೋಯಿತು, ಬೆಳಗಾಗುವಷ್ಟರಲ್ಲಿ ಯುಪಿಎಸ್ ಖಾಲಿ. ಬೆಳಿಗ್ಗೆ ಹೊಸ ರೌಟರ್ ತಂದು ಹಾಕಿ ಎಲ್ಲವನ್ನೂ ಮತ್ತೆ ಆನ್ ಮಾಡಿದೆ. ಸರ್ವರ್‌ಗಳು ಬಂದವು, ಲೆಕ್ಕದ ಸಾಫ್ಟ್‌ವೇರ್ ಓಡುತ್ತಿದೆ, ಸದಸ್ಯರ ಪಾಸ್‌ಬುಕ್ ಪ್ರಿಂಟ್ ಆಗುತ್ತಿದೆ. ಆದರೆ ಸ್ಟೋರೇಜ್ ಮ್ಯಾನೇಜರ್ ತೆರೆದರೆ ಪೆಟ್ಟಿಗೆಯ ಹೆಸರಿನ ಪಕ್ಕ ಸ್ವಲ್ಪ ಹೊತ್ತು ಹಸಿರು, ಆಮೇಲೆ ‘ಉತ್ತರ ಕೊಡುತ್ತಿಲ್ಲ’ ಅಂತ ಕೆಂಪು, ಮತ್ತೆ ಹಸಿರು. ಹಸಿರಿದ್ದಾಗ ಒಳಗೆ ಹೋದರೆ ಕೆಲವು ವಾಲ್ಯೂಮ್ (ಡಿಸ್ಕ್ ಜಾಗದ ಪಾಲು) ಮೇಲೆ ಏನು ಬೇಕಾದರೂ ಮಾಡಬಹುದು, ಇನ್ನು ಕೆಲವಕ್ಕೆ ಮೆನು ಎಲ್ಲ ಮಂಕಾಗಿ ಕೂತಿರುತ್ತದೆ. ಎರಡು ಕಂಟ್ರೋಲರ್‌ಗಳ ವಿಳಾಸ 192.168.1.101 ಮತ್ತು 192.168.1.102. ಎರಡೂ ಪಿಂಗ್‌ಗೆ ಉತ್ತರ ಕೊಡುತ್ತವೆ, ಒಂದು ಪ್ಯಾಕೆಟ್ಟೂ ತಪ್ಪುವುದಿಲ್ಲ.

ಇದರ ಜೊತೆಗೆ ಇನ್ನೊಂದು ಕಾಟ. ನನಗೆ ಹೊಸ ಲ್ಯಾಪ್‌ಟಾಪ್ ಕೊಟ್ಟಿದ್ದಾರೆ, ಅದರಲ್ಲಿ ಈ ಸಾಫ್ಟ್‌ವೇರಿನ ಅಕ್ಷರಗಳು ಇರುವೆ ಸಾಲಿನ ಹಾಗೆ ಕಾಣುತ್ತವೆ. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸರ್ವರ್‌ಗೆ ಹೋಗಿ ತೆರೆದರೆ ಕಿಟಕಿ ಪೂರ್ತಿ ಬಿಳಿ. ಕಂಟ್ರೋಲರ್ ಹೋಗಿದೆಯಾ? ಸೆಕ್ರೆಟರಿಯವರು ದಿನಕ್ಕೆ ನಾಲ್ಕು ಸಲ ಕೇಳುತ್ತಿದ್ದಾರೆ.

ರೀಸ್ಟಾರ್ಟ್_ರಾಜ:

ಪೆಟ್ಟಿಗೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್. ನಮ್ಮಲ್ಲಿ ನೂರಕ್ಕೆ ತೊಂಬತ್ತು ಸಲ ಇದೇ ಮದ್ದು.

ಲನ್_ಮೂವತ್ತೊಂದು:

ದಯವಿಟ್ಟು ಹಾಗೆ ಮಾಡಬೇಡಿ! ಲೆಕ್ಕದ ಸಾಫ್ಟ್‌ವೇರ್ ಓಡುತ್ತಿದೆ ಅಂತ ಅವರೇ ಬರೆದಿದ್ದಾರೆ, ಅಂದರೆ ಡೇಟಾ ಸಾಸ್ ಕೇಬಲ್‌ನಲ್ಲಿ ಸರಿಯಾಗಿ ಹರಿಯುತ್ತಿದೆ. ಓಡುತ್ತಿರುವ ಗಾಡಿಯ ಕನ್ನಡಿ ಮಸುಕಾಗಿದೆ ಅಂತ ಎಂಜಿನ್ ಬಿಚ್ಚುತ್ತಾರಾ?

ಸೊಸೈಟಿಯವರೇ, ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಎಂಜೆನಿಯೊ ವಂಶದ ಪೆಟ್ಟಿಗೆ ಅನಿಸುತ್ತದೆ, ಮೇಲೆ ಯಾರ ಹೆಸರು ಅಂಟಿಸಿದ್ದರೂ ಸರಿ. ಈ ವಂಶದ ಕಥೆ ದೊಡ್ಡದು. ಸಿಂಬಿಯೋಸ್ ಅಂತ ಒಂದು ಕಂಪನಿ ಇತ್ತು, 1998ರಲ್ಲಿ ಎಲ್‌ಎಸ್‌ಐ ಕೊಂಡಿತು, ಆಮೇಲೆ ಆ ವಿಭಾಗಕ್ಕೆ ಎಂಜೆನಿಯೊ ಅಂತ ಹೆಸರಾಯಿತು, 2011ರಲ್ಲಿ ಅದು ನೆಟ್‌ಆ್ಯಪ್ ಪಾಲಾಯಿತು. ಐಬಿಎಂ ಡಿಎಸ್4000, ಡೆಲ್ ಎಂಡಿ3000 ಎಲ್ಲ ಇದೇ ಮನೆಯ ಮಕ್ಕಳು. ಬಣ್ಣ ಬೇರೆ, ಸಾಫ್ಟ್‌ವೇರಿನ ಒಳಗು ಒಂದೇ.

ಈಗ ವಿಷಯಕ್ಕೆ ಬರೋಣ. ಒಂದು ಕಂಟ್ರೋಲರ್ ಮಾತ್ರ ಸಿಕ್ಕರೆ ಈ ಸಾಫ್ಟ್‌ವೇರ್ ಪೆಟ್ಟಿಗೆಯನ್ನು ಅರ್ಧ ಮಾತ್ರ ನಿರ್ವಹಿಸುತ್ತದೆ. ಸಿಕ್ಕ ಕಂಟ್ರೋಲರ್‌ಗೆ ಸೇರಿದ ವಾಲ್ಯೂಮ್‌ಗಳ ಕೆಲಸ ಮಾತ್ರ ಮಾಡಲು ಬಿಡುತ್ತದೆ, ಉಳಿದದ್ದಕ್ಕೆ ಮೆನು ಮಂಕು. ನಿಮಗೆ ಕಾಣುತ್ತಿರುವುದು ಅದೇ. ಹಾಗಾಗಿ ಎರಡರಲ್ಲಿ ಒಂದು ಕಂಟ್ರೋಲರ್‌ನ ಮ್ಯಾನೇಜ್‌ಮೆಂಟ್ ದಾರಿ ಬಿಟ್ಟು ಬಿಟ್ಟು ಕಡಿಯುತ್ತಿದೆ.

ಪಿಂಗ್ ಬರುತ್ತದೆ ಅಂದಿರಿ. ಪಿಂಗ್ ಬಂದರೆ ಆ ವಿಳಾಸದಲ್ಲಿ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ ಅಷ್ಟೇ, ನಿಮ್ಮ ಕಂಟ್ರೋಲರೇ ಇದೆ ಅಂತ ಅಲ್ಲ. ಈ ಸಾಫ್ಟ್‌ವೇರ್ ಮಾತಾಡುವುದು ಟಿಸಿಪಿ ಪೋರ್ಟ್ 2463ರಲ್ಲಿ, ಅಂದರೆ ಕಂಟ್ರೋಲರ್‌ನ ಆ ನಂಬರಿನ ನೆಟ್‌ವರ್ಕ್ ಬಾಗಿಲಲ್ಲಿ. ಪವರ್‌ಶೆಲ್ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ ಕಮಾಂಡಿಗೆ ವಿಳಾಸ ಕೊಟ್ಟು, ಪೋರ್ಟ್ 2463 ಅಂತ ಸೇರಿಸಿ ನೋಡಿ. ಎರಡೂ ವಿಳಾಸಕ್ಕೆ ಮಾಡಿ, ಐದಾರು ಸಲ ಮಾಡಿ. ಆಮೇಲೆ ಎಆರ್‌ಪಿ ಪಟ್ಟಿ (ಯಾವ ವಿಳಾಸದಲ್ಲಿ ಯಾವ ಸಾಧನ ಇದೆ ಅನ್ನುವ ಪಟ್ಟಿ) ತೆಗೆದು ಎರಡೂ ವಿಳಾಸದ ಎದುರಿನ ಮ್ಯಾಕ್, ಅಂದರೆ ಸಾಧನದ ಹುಟ್ಟುನಂಬರ್ ನೋಡಿ. ಮೊದಲ ಮೂರು ಜೋಡಿ ಎರಡಕ್ಕೂ ಒಂದೇ ಇರಬೇಕು. ಈ ಪೆಟ್ಟಿಗೆಗಳಲ್ಲಿ ತುಂಬಾ ಸಲ 00-ಎ0-ಬಿ8 ಇರುತ್ತದೆ, ಅದು ಸಿಂಬಿಯೋಸ್ ಹೆಸರಲ್ಲಿ ನೋಂದಾಯಿಸಿದ್ದು. ಕಂಪನಿ ಹೋದರೂ ನಂಬರ್ ಉಳಿದಿದೆ ನೋಡಿ.

ಹಾಗೇ ರ‍್ಯಾಕಿನ ಹಿಂದೆ ಹೋಗಿ ಕಣ್ಣಾರೆ ನೋಡಿ ಬನ್ನಿ. ಕಂಟ್ರೋಲರ್ ಮೇಲೆ ಅಂಬರ್ ದೀಪ ಉರಿಯುತ್ತಿದೆಯಾ? ಕೆಲವು ಮಾದರಿಗಳಲ್ಲಿ ಎರಡಂಕಿಯ ಪುಟ್ಟ ಡಿಸ್‌ಪ್ಲೇ ಇರುತ್ತದೆ. ಅದರಲ್ಲಿ ಟ್ರೇ ನಂಬರ್ ಅಲ್ಲಾಡದೆ ನಿಂತಿದ್ದರೆ ಕಂಟ್ರೋಲರ್ ಬದುಕಿದೆ ಅಂತ ಅರ್ಥ.

ಮಂಡ್ಯ_ಟು_ಮ್ಯೂನಿಕ್:

ಮೇಲಿನವರು ಹೇಳಿದ್ದು ಸರಿ. ಕೆಂಪು-ಹಸಿರಿನ ವಿಷಯ ಅವರಿಗೆ ಬಿಟ್ಟು ನಾನು ಇರುವೆ ಅಕ್ಷರದ ಬಗ್ಗೆ ಹೇಳುತ್ತೇನೆ.

ಸ್ಟೋರೇಜ್ ಮ್ಯಾನೇಜರ್ ಜಾವಾ ಸ್ವಿಂಗ್‌ನಲ್ಲಿ (ಜಾವಾ ಭಾಷೆಯಲ್ಲಿ ಕಿಟಕಿ, ಮೆನು ಬಿಡಿಸುವ ಕಿಟ್) ಬರೆದ ಸಾಫ್ಟ್‌ವೇರ್, ಜೊತೆಗೆ ತನ್ನದೇ ಹಳೆಯ ಜಾವಾವನ್ನೂ ಹೊತ್ತು ತರುತ್ತದೆ. ವಿಂಡೋಸ್‌ನಲ್ಲಿ ಜಾಸ್ತಿ ರೆಸಲ್ಯೂಷನ್ ಪರದೆಗೆ ತಕ್ಕ ಹಾಗೆ ಅಕ್ಷರ ದೊಡ್ಡದು ಮಾಡುವ ಬುದ್ಧಿ ಜಾವಾಗೆ ಬಂದದ್ದು 9ನೇ ಆವೃತ್ತಿಯಲ್ಲಿ, 2017ರಲ್ಲಿ. ಅದಕ್ಕಿಂತ ಹಳೆಯದು ಪರದೆ ಎಷ್ಟೇ ಸಣ್ಣಗೆ ನುಣ್ಣಗಿದ್ದರೂ ತನ್ನ ಪಾಡಿಗೆ ಒಂದು ಚುಕ್ಕಿಗೆ ಒಂದೇ ಚುಕ್ಕಿ ಬಿಡಿಸುತ್ತದೆ. ಅಕ್ಷರ ಚಿಕ್ಕದಾಗುವುದು ಅದಕ್ಕೇ, ನಿಮ್ಮ ಕಣ್ಣಿನ ತಪ್ಪಲ್ಲ. ಸಾಫ್ಟ್‌ವೇರ್ ಹಾಕಿದ ಫೋಲ್ಡರ್ ಒಳಗೆ ಜೆಆರ್‌ಇ, ಅದರೊಳಗೆ ಬಿನ್, ಅಲ್ಲಿ ಜಾವಾಡಬ್ಲ್ಯು ಅಂತ ಒಂದು ಎಕ್ಸಿಕ್ಯೂಟಬಲ್ ಇರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಅಲ್ಲಿ ಹೈ ಡಿಪಿಐ ಸೆಟ್ಟಿಂಗ್ ಬದಲಿಸಿ, ಸ್ಕೇಲಿಂಗ್ ಕೆಲಸ ‘ಸಿಸ್ಟಮ್’ ಮಾಡಲಿ ಅಂತ ಕೊಡಿ. ಸ್ವಲ್ಪ ಮಸುಕು ಕಾಣುತ್ತದೆ, ಆದರೆ ಓದಬಹುದು. ಶಾರ್ಟ್‌ಕಟ್ ಮೇಲೆ ಮಾಡಿದರೆ ಕೆಲವು ಸಲ ನಡೆಯುವುದಿಲ್ಲ, ಯಾಕೆಂದರೆ ಶಾರ್ಟ್‌ಕಟ್ ಎಬ್ಬಿಸುವುದು ಬೇರೆ ಫೈಲನ್ನು, ಪರದೆ ಬಿಡಿಸುವುದು ಜಾವಾಡಬ್ಲ್ಯು.

ಬಿಳಿ ಕಿಟಕಿಗೆ ಕಾರಣ ಬೇರೆ. ಜಾವಾ ವಿಂಡೋಸ್‌ನಲ್ಲಿ ಡೈರೆಕ್ಟ್‌3ಡಿ ಬಳಸಿ ಬಿಡಿಸಲು ನೋಡುತ್ತದೆ, ರಿಮೋಟ್ ಡೆಸ್ಕ್‌ಟಾಪ್ ಅಥವಾ ಹಳೆಯ ಗ್ರಾಫಿಕ್ಸ್ ಡ್ರೈವರ್ ಇದ್ದಾಗ ಅದು ಎಡವುತ್ತದೆ. ಸಿಸ್ಟಮ್‌ನಲ್ಲಿ ಜಾವಾ ಆಪ್ಷನ್ಸ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಮಾಡಿ, ಹೆಸರಿನ ಶುರುವಿನಲ್ಲೇ ಒಂದು ಅಂಡರ್‌ಸ್ಕೋರ್ ಇರಲಿ, ಅದರಲ್ಲಿ ಜಾವಾ2ಡಿಯ ಡಿ3ಡಿ ಆಫ್ ಮಾಡುವ ಸಾಲು ಹಾಕಿ. ಆ ಮೆಷಿನ್‌ನಲ್ಲಿ ಬೇರೆ ಜಾವಾ ಸಾಫ್ಟ್‌ವೇರ್ ಇದ್ದರೆ ಅದಕ್ಕೂ ಇದು ಅನ್ವಯ ಆಗುತ್ತದೆ, ನೆನಪಿರಲಿ.

ಇನ್ನೊಂದು. ಹೊಸ ಲ್ಯಾಪ್‌ಟಾಪ್‌ಗೆ ಸ್ಟೋರೇಜ್ ಮ್ಯಾನೇಜರ್‌ನ ಯಾವ ಆವೃತ್ತಿ (ಕ್ಲೈಂಟ್) ಹಾಕಿದ್ದೀರಿ? ಕ್ಲೈಂಟ್ ಹೊಸದು, ಕಂಟ್ರೋಲರ್ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಹಳೆಯದು ಆದರೆ ಸಾಮಾನ್ಯವಾಗಿ ಸಾಗುತ್ತದೆ. ತಿರುಗಾಮುರುಗಾ ಆದರೆ ಪರದೆಯಲ್ಲಿ ಏನೇನೋ ಕಾಣುತ್ತದೆ.

ಸೊಸೈಟಿ_ಸಿಸ್ಟಮ್:

ಇಬ್ಬರಿಗೂ ಕೈಮುಗಿದೆ. ಅಕ್ಷರ ದೊಡ್ಡದಾಯಿತು! ನೀವು ಹೇಳಿದ ಹಾಗೇ ಮೊದಲು ಶಾರ್ಟ್‌ಕಟ್ ಮೇಲೆ ಮಾಡಿ ಏನೂ ಆಗದೆ ಆಮೇಲೆ ಜಾವಾಡಬ್ಲ್ಯು ಹುಡುಕಿ ಮಾಡಿದೆ. ಬಿಳಿ ಕಿಟಕಿ ಇವತ್ತು ರಾತ್ರಿ ಮನೆಯಿಂದ ನೋಡುತ್ತೇನೆ.

ರ‍್ಯಾಕಿನ ಹಿಂದೆ ಹೋಗಿದ್ದೆ. ಎರಡು ಕಂಟ್ರೋಲರ್ ಮೇಲೂ ಅಂಬರ್ ಇಲ್ಲ. 2463 ಪರೀಕ್ಷೆ: 101ಕ್ಕೆ ಪ್ರತಿ ಸಲ ಸರಿ. 102ಕ್ಕೆ ಆರರಲ್ಲಿ ಎರಡು ಸಲ ಸರಿ, ನಾಲ್ಕು ಸಲ ಇಲ್ಲ. ಎಆರ್‌ಪಿಯಲ್ಲಿ 101ರ ಎದುರು ನೀವು ಹೇಳಿದ 00-ಎ0-ಬಿ8. 102ರ ಎದುರು ಪೂರ್ತಿ ಬೇರೆ ಏನೋ.

ಲನ್_ಮೂವತ್ತೊಂದು:

ಕಳ್ಳ ಸಿಕ್ಕ. ಈಗ ಬಿ ಕಂಟ್ರೋಲರ್‌ನ (102 ವಿಳಾಸದ್ದು, 101ರದು ಎ) ಮ್ಯಾನೇಜ್‌ಮೆಂಟ್ ಕೇಬಲ್ ಮಾತ್ರ, ಈಥರ್‌ನೆಟ್ಟಿನದು, ಸಾಸ್ ಮುಟ್ಟಬೇಡಿ, ಸ್ವಿಚ್ ಕಡೆಯಿಂದ ಕಿತ್ತು 102ಕ್ಕೆ ಪಿಂಗ್ ಮಾಡಿ.

ಸೊಸೈಟಿ_ಸಿಸ್ಟಮ್:

ಅಯ್ಯೋ ಸರ್. ಕೇಬಲ್ ನನ್ನ ಕೈಯಲ್ಲಿದೆ, ಪಿಂಗ್ ಬರುತ್ತಲೇ ಇದೆ! ಬ್ರೌಸರ್‌ನಲ್ಲಿ 192.168.1.102 ಹೊಡೆದೆ, ಸಿಸಿ ಕ್ಯಾಮೆರಾದ ಡಿವಿಆರ್ ಲಾಗಿನ್ ಪುಟ ಬಂತು. ಒಂದು ವಾರದಿಂದ ನಾನು ಪಿಂಗ್ ಮಾಡಿ ಸಮಾಧಾನ ಪಟ್ಟುಕೊಂಡಿದ್ದು ಗೇಟಿನ ಕ್ಯಾಮೆರಾಗೆ.

ಆದರೆ ಡಿವಿಆರ್ ಮೂರು ವರ್ಷದಿಂದ ಅಲ್ಲೇ ಇದೆ, ಈಗ ಯಾಕೆ?

ಲನ್_ಮೂವತ್ತೊಂದು:

ಹೊಸ ರೌಟರ್ ತಂದಿರಿ ಅಲ್ವಾ. ಒಳಗೆ ಹೋಗಿ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ತಾನೇ ಹಂಚುವ ವ್ಯವಸ್ಥೆ) ಯಾವ ನಂಬರಿನಿಂದ ಯಾವ ನಂಬರಿಗೆ ಹಂಚುತ್ತಿದೆ ನೋಡಿ. ಬಹಳ ರೌಟರ್‌ಗಳು ಪೆಟ್ಟಿಗೆಯಿಂದ ಬರುವಾಗಲೇ 100ರಿಂದ 199 ಅಂತ ಇಟ್ಟುಕೊಂಡು ಬರುತ್ತವೆ. ಹಳೆಯ ರೌಟರ್‌ನಲ್ಲಿ ಯಾರೋ ಅದನ್ನು ಬದಲಿಸಿದ್ದಿರಬೇಕು. ಅವತ್ತು ಬೆಳಿಗ್ಗೆ ಎಲ್ಲ ಒಟ್ಟಿಗೆ ಆನ್ ಮಾಡಿದಿರಿ, ಡಿವಿಆರ್ ಒಂದು ನಿಮಿಷದಲ್ಲಿ ಎದ್ದಿತು, ಸ್ಟೋರೇಜ್ ಏಳಲು ಹಲವು ನಿಮಿಷ ಬೇಕು. ಅಷ್ಟರಲ್ಲಿ 102 ಖಾಲಿ ಇದೆ ಅಂತ ರೌಟರ್ ಅದನ್ನು ಡಿವಿಆರ್‌ಗೆ ಕೊಟ್ಟಿತು. ಆಮೇಲೆ ಬಿ ಕಂಟ್ರೋಲರ್ ಎದ್ದು ತನ್ನ ಸ್ಥಿರ ವಿಳಾಸದಲ್ಲಿ ಕೂತಿತು. ಒಂದೇ ಸೀಟಿಗೆ ಇಬ್ಬರು, ನಿಮ್ಮ ಲ್ಯಾಪ್‌ಟಾಪ್ ಯಾರ ಉತ್ತರ ಹಿಡಿದುಕೊಂಡಿತೋ ಅವರದು ಆ ಗಳಿಗೆ.

ಕಂಟ್ರೋಲರ್ ವಿಳಾಸ ಬದಲಿಸಲು ಹೋಗಬೇಡಿ. ರೌಟರ್‌ನಲ್ಲಿ ಹಂಚಿಕೆ 150ರಿಂದ ಶುರು ಮಾಡಿ, ಡಿವಿಆರ್ ಒಮ್ಮೆ ರೀಸ್ಟಾರ್ಟ್ ಮಾಡಿ (ರಾಜಣ್ಣನವರ ಮದ್ದಿಗೆ ಇಲ್ಲಿ ಜಾಗ ಇದೆ), ಕೇಬಲ್ ಮತ್ತೆ ಹಾಕಿ, ನಿಮ್ಮ ಲ್ಯಾಪ್‌ಟಾಪಿನ ಎಆರ್‌ಪಿ ಪಟ್ಟಿ ಅಳಿಸಿ. ಆಮೇಲೆ ಸ್ಟೋರೇಜ್ ಮ್ಯಾನೇಜರ್‌ನ ಮೊದಲ ಕಿಟಕಿಯಲ್ಲಿ ಪೆಟ್ಟಿಗೆಯ ಹೆಸರನ್ನು ತೆಗೆದು ಎರಡೂ ವಿಳಾಸ ಕೊಟ್ಟು ಹೊಸದಾಗಿ ಸೇರಿಸಿ. ತೆಗೆಯಲು ಹೆದರಬೇಡಿ, ಅದು ನಿಮ್ಮ ಕ್ಲೈಂಟ್‌ನ ಪಟ್ಟಿಯಿಂದ ಹೆಸರು ತೆಗೆಯುತ್ತದೆ ಅಷ್ಟೇ, ಡಿಸ್ಕಿನ ಒಂದು ಬಿಟ್ಟನ್ನೂ ಮುಟ್ಟುವುದಿಲ್ಲ.

ಮುಂದೆ ಬೇಕಾದರೆ ಇನ್ನೊಂದು ದಾರಿಯೂ ಇಟ್ಟುಕೊಳ್ಳಿ. ಸರ್ವರ್‌ನಲ್ಲಿ ಏಜೆಂಟ್ ಅನ್ನುವ ಸಾಫ್ಟ್‌ವೇರ್ ಹಾಕಿದರೆ ಸಾಸ್ ಕೇಬಲ್ ಮೂಲಕವೇ ನಿರ್ವಹಣೆ ಮಾಡಬಹುದು. ಸರ್ವರ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಯೂನಿವರ್ಸಲ್ ಎಕ್ಸ್‌ಪೋರ್ಟ್’ ಅಂತ ಒಂದು ಸಾಧನ ಕಾಣಿಸಿದರೆ ಅದು ಆ ದಾರಿಯ ಬಾಗಿಲು. ಇದೇನೋ ಹೊಸ ಡಿಸ್ಕ್ ಅಂದುಕೊಂಡು ಯಾರೂ ಫಾರ್ಮ್ಯಾಟ್ ಮಾಡಲು ಹೋಗದಿರಲಿ. ಹಲವು ಮಾದರಿಗಳಲ್ಲಿ ಅದು ಲನ್ 31ರಲ್ಲಿ ಕೂರುತ್ತದೆ (ಲನ್ ಅಂದರೆ ಸರ್ವರ್‌ಗೆ ಕಾಣುವ ವಾಲ್ಯೂಮ್ ನಂಬರ್), ನನ್ನ ಹೆಸರು ಬಂದದ್ದು ಅಲ್ಲಿಂದಲೇ.

ರೀಸ್ಟಾರ್ಟ್_ರಾಜ:

ನನ್ನ ಮದ್ದು ಡಿವಿಆರ್‌ಗಾದರೂ ಆಯಿತಲ್ಲ 😀

ಸೊಸೈಟಿ_ಸಿಸ್ಟಮ್:

ಆಯಿತು ಸರ್. ರೌಟರ್‌ನಲ್ಲಿ ನೀವು ಹೇಳಿದ್ದೇ ಇತ್ತು, 100ರಿಂದ 199. ಬದಲಿಸಿದೆ, ಡಿವಿಆರ್ ಈಗ 150ರಲ್ಲಿದೆ. 102ಕ್ಕೂ 00-ಎ0-ಬಿ8 ಬಂತು, 2463 ಹತ್ತಕ್ಕೆ ಹತ್ತು ಸಲ ಸರಿ. ಬಿಳಿ ಕಿಟಕಿಯೂ ಹೋಯಿತು. ಎರಡೂ ವಿಳಾಸ ಕೊಟ್ಟು ಸೇರಿಸಿದ ಮೇಲೆ ಎಲ್ಲ ವಾಲ್ಯೂಮ್‌ಗಳ ಮೆನು ತೆರೆದಿದೆ, ಕೆಂಪು ಬಂದಿಲ್ಲ.

ಆದರೆ ಈಗ ಒಂದು ಹಳದಿ ಗುರುತು ಉಳಿದಿದೆ. ಮೊದಲೂ ಇತ್ತೇನೋ, ಆ ಕೆಂಪಿನ ಗಲಾಟೆಯಲ್ಲಿ ಕಾಣಲಿಲ್ಲ. ಎರಡೂ ಕಂಟ್ರೋಲರ್‌ಗಳ ಬ್ಯಾಟರಿ ಅವಧಿ ಮುಗಿಯುತ್ತಾ ಬಂದಿದೆ ಅಂತ. ಇದೂ ಸುಮ್ನೆ ಡಿಸ್‌ಪ್ಲೇ ತೊಂದರೆಯಾ?

ಲನ್_ಮೂವತ್ತೊಂದು:

ಇಲ್ಲ, ಇದು ನಿಜವಾದ ದೂರು. ಸರ್ವರ್ ಬರೆದದ್ದನ್ನು ಕಂಟ್ರೋಲರ್ ಮೊದಲು ಕ್ಯಾಶ್ ಅನ್ನುವ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಕರೆಂಟ್ ಹೋದಾಗ ಅದನ್ನು ಕಾಯುವುದು ಆ ಬ್ಯಾಟರಿ. ಅದು ಕೈಕೊಟ್ಟರೆ ಪೆಟ್ಟಿಗೆ ರೈಟ್ ಕ್ಯಾಶ್ ನಿಲ್ಲಿಸುತ್ತದೆ, ಪಾಸ್‌ಬುಕ್ ಕೌಂಟರ್ ಮುಂದೆ ಕ್ಯೂ ಉದ್ದ ಆಗುತ್ತದೆ. ನಿಮ್ಮ ಮಾದರಿಗೆ ಸರಿಹೊಂದುವ ಬ್ಯಾಟರಿ ಎರಡು ತರಿಸಿ. ಒಂದೇ ದಿನ ಎರಡೂ ಕಂಟ್ರೋಲರ್ ಬಿಚ್ಚಬೇಡಿ. ಮೊದಲು ಪೂರ್ತಿ ಬ್ಯಾಕಪ್, ಆಮೇಲೆ ಎ, ಅದು ಪೂರ್ತಿ ಚಾರ್ಜ್ ಆಗಿ ಪರದೆಯಲ್ಲಿ ಹಸಿರು ಬಂದ ಮೇಲೆ ಬಿ. ಭಾನುವಾರ ಮಾಡಿ, ಸೆಕ್ರೆಟರಿಯವರು ಊರಲ್ಲಿ ಇಲ್ಲದ ಭಾನುವಾರ ಆದರೆ ಇನ್ನೂ ಒಳ್ಳೆಯದು.