ಅಪ್ರಾಕ್ಸಿಯಾಕ್ಕೆ ಮನೆಮಂದಿಗೆ ತಿಳಿಯುವ ಪದ ಯಾವುದು?

ಎಲ್ಲರಿಗೂ ನಮಸ್ಕಾರ.

ಲಕ್ವ ಹೊಡೆದವರನ್ನು ನೋಡಿಕೊಳ್ಳುವ ಮನೆಯವರಿಗಾಗಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಅಪ್ರಾಕ್ಸಿಯಾಕ್ಕೆ ಒಂದು ಪದ ಬೇಕಾಗಿದೆ.

ಈ ತೊಂದರೆಯಲ್ಲಿ ಕೈಗೆ ಬಲ ಇರುತ್ತದೆ, ಹೇಳಿದ ಮಾತೂ ಅರ್ಥವಾಗುತ್ತದೆ. ಆದರೂ 'ತಲೆ ಬಾಚುವ ಹಾಗೆ ಮಾಡಿ ತೋರಿಸಿ' ಎಂದರೆ ಕೈ ಎಲ್ಲೆಲ್ಲೋ ಹೋಗುತ್ತದೆ. ಅದೇ ಮನುಷ್ಯ ನೆಂಟರು ಹೊರಟಾಗ ತಾವಾಗಿಯೇ ಕೈ ಮುಗಿಯಬಹುದು. ಇದನ್ನು ನೋಡಿದ ಮನೆಯವರು 'ಬೇಕಂತಲೇ ಹೀಗೆ ಮಾಡ್ತಾರೆ' ಅಂದುಬಿಡುತ್ತಾರೆ. ಪಾಪ, ರೋಗಿಯ ತಪ್ಪೇನೂ ಇಲ್ಲ. ಕಲಿತ ಚಲನೆಗಳನ್ನು ಹೊಂದಿಸಿಕೊಡುವ ಮೆದುಳಿನ ಭಾಗಕ್ಕೆ, ಹೆಚ್ಚಾಗಿ ಎಡಗಡೆಗೆ, ಪೆಟ್ಟಾಗಿರುತ್ತದೆ. ಜರ್ಮನಿಯ ವೈದ್ಯ ಹ್ಯೂಗೊ ಲೀಪ್‌ಮನ್ 1900ರಲ್ಲಿ ಒಬ್ಬ ಸರ್ಕಾರಿ ಅಧಿಕಾರಿಯ ವಿಷಯ ಬರೆದರು. ಏನು ಹೇಳಿದರೂ ಆತನ ಬಲಗೈ ತಪ್ಪುತ್ತಿತ್ತು. ಬಲಗೈಯನ್ನು ತಡೆದು ಎಡಗೈಗೆ ಬಿಟ್ಟರೆ ಕೆಲಸ ಸರಿಯಾಗಿ ಆಗುತ್ತಿತ್ತು. ಅಂದರೆ, ಹೇಳಿದ್ದು ಆತನಿಗೆ ತಿಳಿದೇ ಇತ್ತು.

'ಮರೆವು' ಎಂದು ಬರೆದರೆ ಬುದ್ಧಿಯೇ ಮಂಕಾಯಿತು ಎಂದುಕೊಳ್ಳುತ್ತಾರೆ. 'ಕೈಕಾಲು ಆಡದಿರುವುದು' ಎಂದರೆ ಗಾಬರಿ ಅಥವಾ ಲಕ್ವ ನೆನಪಾಗುತ್ತದೆ. 'ರೂಢಿಗೇಡು' ಚಿಕ್ಕದಾಗಿದೆ, ಆದರೆ ಬೈಗುಳದ ಹಾಗೆ ಕೇಳಿಸುತ್ತದೆ. ಪಳಗಿದ ಕೈ ಅನ್ನುತ್ತೇವಲ್ಲ, ಅದರಿಂದ 'ಕೈಪಳಗು ತಪ್ಪುವುದು' ಅನ್ನಬಹುದೇ? ನನಗೆ ಇದೇ ಹತ್ತಿರ ಅನಿಸುತ್ತದೆ. ತೊಡಕೆಂದರೆ ಮಾತಿನ ಅಪ್ರಾಕ್ಸಿಯಾವೂ ಇದೆ. ಅಲ್ಲಿ ಹೇಳಬೇಕಾದ ಪದ ಮನಸ್ಸಿನಲ್ಲಿರುತ್ತದೆ, ತುಟಿ-ನಾಲಿಗೆ ತಡಕಾಡುತ್ತವೆ. ಕೆಲವು ಮಕ್ಕಳಲ್ಲೂ ಇದು ಕಾಣುತ್ತದೆ. 'ಕೈ' ಎಂದು ಶುರುವಾಗುವ ಪದ ಇದಕ್ಕೆ ಹೊಂದುವುದಿಲ್ಲ.

ಚಿಕಿತ್ಸೆಯ ಭಾಗ ಬರೆಯುವಾಗಲೂ ಇದೇ ಪದ ಬೇಕು. ಇದನ್ನು ವಾಸಿ ಮಾಡುವ ಮಾತ್ರೆ ಇಲ್ಲ, ಅಭ್ಯಾಸವೇ ದಾರಿ. ಥೆರಪಿಸ್ಟ್ ಕೈಮೇಲೆ ಕೈಯಿಟ್ಟು, ನಿಜವಾದ ಲೋಟ, ನಿಜವಾದ ಅಂಗಿ ಕೊಟ್ಟು, ಒಂದೊಂದೇ ಹಂತವನ್ನು ದಿನವೂ ಒಂದೇ ಕ್ರಮದಲ್ಲಿ ಮಾಡಿಸುತ್ತಾರೆ. ಅಂಗಿ ತೊಡುವುದನ್ನು ಕಲಿತರೆ ಊಟ ಮಾಡುವುದು ತಾನಾಗಿ ಬರುವುದು ಕಡಿಮೆ. ಹಾಗಾಗಿ ದಿನಕ್ಕೆ ಬೇಕಾದ ಕೆಲಸವನ್ನೇ ಆರಿಸಿಕೊಳ್ಳಬೇಕು. ಮಾತಿಗಾದರೆ ಬಾಯಿ ನೋಡಿಕೊಂಡು ನಿಧಾನವಾಗಿ, ಮತ್ತೆ ಮತ್ತೆ ಹೇಳಿಸುತ್ತಾರೆ.

ನೇಯುವವರು, ವೀಣೆ ನುಡಿಸುವವರು, ಅಡುಗೆಯವರು ಕೈಗೆ ಕೂತ ಕೆಲಸ ತಪ್ಪಿಹೋದಾಗ ಏನನ್ನುತ್ತಾರೆ? ಕೈಗೂ ನಾಲಿಗೆಗೂ ಒಪ್ಪುವ ಮಾತು ನಿಮ್ಮ ಊರ ಕಡೆ ಇದೆಯಾ? ಇಲ್ಲದಿದ್ದರೆ 'ಅಪ್ರಾಕ್ಸಿಯಾ' ಎಂದೇ ಇಟ್ಟು ಪಕ್ಕದಲ್ಲಿ ಒಂದು ಸಾಲು ವಿವರಣೆ ಕೊಡಲೇ?