ಸಹಾಯ ಬೇಕು: ಎಸ್ಟೀಮ್‌ಗೆ ಪಿಗ್ಗಿಬ್ಯಾಕ್ (ಇಂಜಿನ್ ಕಂಪ್ಯೂಟರ್‌ಗೆ ಹೋಗೋ-ಬರೋ ಸಿಗ್ನಲ್ ತಿದ್ದೋ ಡಬ್ಬಿ) ಸಾಕಾ, ಆ ಕಂಪ್ಯೂಟರನ್ನೇ (ಇಸಿಯು) ಪೂರ್ತಿ ಬದಲಾಯಿಸಬೇಕಾ?

ನಮಸ್ಕಾರ. ನಂದು ಹಳೇ ಮಾರುತಿ ಎಸ್ಟೀಮ್ ಕಾರು, 1.3 ಲೀಟರ್ ಎಂಪಿಎಫ್‌ಐ (ಸಿಲಿಂಡರ್‌ಗೊಂದು ಪೆಟ್ರೋಲ್ ಇಂಜೆಕ್ಟರ್ ಇರೋ ಇಂಜಿನ್). ದೊಡ್ಡ ಕ್ಯಾಮ್ (ವಾಲ್ವ್ ತೆರೆಯೋ ಶಾಫ್ಟ್), ಹೆಡರ್ಸ್ (ಇಂಜಿನ್ ಹೊಗೆ ಹೊರಗೆ ಬಿಡೋ ಪೈಪು) ಹಾಕಿಸಿದೀನಿ (ಎಷ್ಟು ದುಡ್ಡಾಯ್ತು ಅಂತ ಮನೇಲಿ ಇನ್ನೂ ಹೇಳಿಲ್ಲ). ಈಗ 5000 ಆರ್‌ಪಿಎಂ ದಾಟಿ ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ವೈಡ್‌ಬ್ಯಾಂಡ್ ಮೀಟರ್ (ಪೆಟ್ರೋಲಿನ ತೂಕಕ್ಕೆ ಎಷ್ಟು ಪಟ್ಟು ಗಾಳಿ ಅಂತ ಹೇಳೋದು) 15 ತೋರಿಸುತ್ತೆ. ಅಲ್ಲಿ 12.5–13 ಇರಬೇಕು. ಅಂದ್ರೆ ಪೆಟ್ರೋಲ್ ಸಾಲ್ತಿಲ್ಲ.

ಪಂಪು, ಫಿಲ್ಟರ್ ಹೊಸದು. ಇಂಜೆಕ್ಟರ್ ಕ್ಲೀನ್ ಮಾಡಿಸಿದ್ದಾಯ್ತು. ಫ್ಯುಯೆಲ್ ಪ್ರೆಶರ್ ಏರಿಸಿದೆ. ಮೇಲಿನ ಆರ್‌ಪಿಎಂನಲ್ಲಿ ಸ್ವಲ್ಪ ಸರಿಹೋಯ್ತು, ಆದ್ರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಕಪ್ಪು ಹೊಗೆ, ಅಕ್ಕಪಕ್ಕದವರೆಲ್ಲ ಕಿಟಕಿ ಹಾಕ್ಕೋತಾರೆ. ವಾಪಸ್ ಇಳಿಸಿದೆ.

ತಲೆ ಕೆಟ್ಟಿರೋದು ಇಲ್ಲಿ. ಮ್ಯಾಪ್ ಸೆನ್ಸರ್ (ಇಂಜಿನ್ ಒಳಗೆಳೆಯೋ ಗಾಳಿಯ ಒತ್ತಡ ಅಳೆಯೋದು) ಸಿಗ್ನಲ್ ತಿದ್ದೋ ಪಿಗ್ಗಿಬ್ಯಾಕ್ ಹಾಕು ಅಂತಾರೆ. ಪೂರ್ತಿ ಒತ್ತಿದಾಗ ಬೆಂಗಳೂರಿನ ಎತ್ತರದಲ್ಲಿ ಆ ಒತ್ತಡ ಆಗ್ಲೇ ಸುಮಾರು 90 ಕಿಲೋಪ್ಯಾಸ್ಕಲ್ ಇರುತ್ತೆ, ಇನ್ನೆಷ್ಟು ಏರಿಸೋದು? ಇಗ್ನಿಷನ್ ಟೈಮಿಂಗ್ (ಕಿಡಿ ಹತ್ತೋ ಸಮಯ) ಕೂಡ ಅದೇ ಸಿಗ್ನಲ್ ನೋಡುತ್ತಲ್ವಾ, ಸುಳ್ಳು ಹೇಳಿದ್ರೆ ಅದೂ ಹಿಂದೆ ಹೋಗುತ್ತೆ, ಅಂದ್ರೆ ಕಿಡಿ ತಡವಾಗುತ್ತೆ. ಸ್ಪೀಡುಯಿನೋ (ಕಂಪನಿ ಇಸಿಯು ಬದಲು ಹಾಕೋ ಓಪನ್ ಸೋರ್ಸ್ ಇಸಿಯು) ಹಾಕೋಣ ಅಂದ್ರೆ ವೈರಿಂಗ್ ಎಲ್ಲ ಹೊಸದಾಗಿ ಮಾಡ್ಬೇಕು.

ಮಾಡಿರೋರು ಹೇಳಿ: ಇಂಜೆಕ್ಟರ್ ಪಲ್ಸ್ ಉದ್ದ ಮಾಡೋ (ಅಂದ್ರೆ ಇಂಜೆಕ್ಟರ್‌ನ ಹೆಚ್ಚು ಹೊತ್ತು ತೆರೆದಿಡೋ) ಪಿಗ್ಗಿಬ್ಯಾಕ್ ಇಷ್ಟಕ್ಕೆ ಸಾಕಾ? ಸ್ಪೀಡುಯಿನೋನೇ ಹಾಕೋದಾದ್ರೆ ಇಂಜಿನ್ ಎಲ್ಲಿವರೆಗೆ ತಿರುಗಿದೆ ಅಂತ ಅದಕ್ಕೆ ತಿಳಿಸೋಕೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಕಿಡಿ ಹಂಚೋದು) ಸಿಗ್ನಲ್ ಸಾಕಾಗುತ್ತಾ, ಕ್ರ್ಯಾಂಕ್‌ಗೆ ಹಲ್ಲಿನ ಚಕ್ರ ಕೂರಿಸಲೇಬೇಕಾ?