ಬ್ರೋಶರ್‌ನಲ್ಲಿ 1200, ಒಳಗೆ 860: ಯಾವ ಅಳತೆ ನೋಡಬೇಕು?

ಸುಮಾ: ವೈಟ್‌ಫೀಲ್ಡ್ ಕಡೆ ಇನ್ನೂ ಕಟ್ಟುತ್ತಿರುವ 2 ಬಿಎಚ್‌ಕೆ ಫ್ಲ್ಯಾಟ್ ನೋಡಿದ್ದೇವೆ. ಬ್ರೋಶರ್‌ನಲ್ಲಿ 1200 ಚದರ ಅಡಿ, ಅಡಿಗೆ 7000 ರೂಪಾಯಿ. ಕಾರ್ಪೆಟ್, ಅಂದರೆ ಮನೆಯೊಳಗೆ ಬಳಸೋಕೆ ಸಿಗುವ ಜಾಗ, ಎಷ್ಟು ಅಂತ ಕೇಳಿದರೆ 860 ಅಂದರು. ಇದು ಸರೀನಾ? ಮನೆ ತಗೊಂಡವರು ದಯವಿಟ್ಟು ಹೇಳಿ.

ಮಂಜುನಾಥ: ಸುಮಾ ಅವರೇ, ಆ 1200 ಸೂಪರ್ ಬಿಲ್ಟ್‌ಅಪ್. ಲಿಫ್ಟ್, ಮೆಟ್ಟಿಲು, ಲಾಬಿ, ಕ್ಲಬ್‌ಹೌಸ್ ಇವುಗಳಲ್ಲಿ ನಿಮ್ಮ ಪಾಲನ್ನೂ ಅದರಲ್ಲಿ ಸೇರಿಸಿರುತ್ತಾರೆ, ಎಷ್ಟು ಸೇರಿಸಬೇಕು ಅನ್ನೋದು ಬಿಲ್ಡರ್‌ನಿಂದ ಬಿಲ್ಡರ್‌ಗೆ ಬದಲಾಗುತ್ತದೆ. ಅದಕ್ಕೇ ಅಡಿ ರೇಟು ಹೋಲಿಸಿ ಪ್ರಯೋಜನ ಇಲ್ಲ. ಒಟ್ಟು 84 ಲಕ್ಷವನ್ನು 860ರಿಂದ ಭಾಗಿಸಿ, ಅಡಿಗೆ ಸುಮಾರು 9770 ಬರುತ್ತದೆ. ಇನ್ನೊಬ್ಬರು ಅದೇ 1200ಕ್ಕೆ 7500 ಹೇಳಿ ಕಾರ್ಪೆಟ್ 960 ಕೊಟ್ಟರೆ 9375 ಆಯ್ತು. ರೇಟು ಜಾಸ್ತಿ ಕಂಡರೂ ಒಳಗಿನ ಜಾಗದ ಲೆಕ್ಕದಲ್ಲಿ ಅದೇ ಅಗ್ಗ ಅಲ್ವಾ?

ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಹಾಕಿ, ಬಿಲ್ಡರ್ ಅಲ್ಲಿ ಕೊಟ್ಟಿರುವ ಕಾರ್ಪೆಟ್ ಏರಿಯಾ ನೋಡಿ. ಚದರ ಮೀಟರ್‌ನಲ್ಲಿದ್ದರೆ 10.764ರಿಂದ ಗುಣಿಸಿ. ಸೇಲ್ಸ್‌ನವರು ಬಾಯಲ್ಲಿ ಹೇಳಿದ್ದಕ್ಕೂ ಅದಕ್ಕೂ ತಾಳೆ ಆಗಬೇಕು.

ರೇಖಾ: ನಾವು ಕೀ ತಗೊಳ್ಳುವ ಮುಂಚೆ ಟೇಪು ಹಿಡಿದು ಎಲ್ಲಾ ಕೋಣೆ ಅಳೆದೆವು. ಕೂಡಿಸಿದರೆ ಅಗ್ರಿಮೆಂಟಿಗಿಂತ ಕಡಿಮೆ ಬಂತು. ಒಳಗಿನ ಅಡ್ಡಗೋಡೆಗಳ ದಪ್ಪ ಸೇರಿಸಿದ ಮೇಲೆ ಹತ್ತಿರ ಹತ್ತಿರ ಸರಿಹೋಯ್ತು. 2016ರ ರೇರಾ ಕಾಯ್ದೆಯ ಪ್ರಕಾರ ಕಾರ್ಪೆಟ್ ಅಂದರೆ ಹೊರಗೋಡೆ, ಡಕ್ಟ್ (ಪೈಪು, ವೈರು ಹೋಗುವ ಜಾಗ), ಬಾಲ್ಕನಿ, ತೆರೆದ ಟೆರೇಸ್ ಬಿಟ್ಟು ಉಳಿದದ್ದು, ಆದರೆ ಒಳಗಿನ ಗೋಡೆ ಲೆಕ್ಕಕ್ಕೆ ಬರುತ್ತದೆ. ಅಡುಗೆಮನೆ ಹಿಂದಿನ ಯುಟಿಲಿಟಿಯನ್ನು ಕಾರ್ಪೆಟ್‌ಗೆ ಸೇರಿಸಿದ್ದಾರೋ ಬಾಲ್ಕನಿಗೋ ಅಂತ ತಪ್ಪದೇ ಕೇಳಿ. ನಮ್ಮ ಕಟ್ಟಡದಲ್ಲಿ ಜಾಸ್ತಿ ಜಗಳ ಆಗಿದ್ದು ಅದಕ್ಕೇ.

ಇಕ್ಬಾಲ್: ಅಗ್ರಿಮೆಂಟ್‌ನಲ್ಲಿ ಕಾರ್ಪೆಟ್ ಸಂಖ್ಯೆ ಬರೆದಿರಲೇಬೇಕು. ಅದು ರಿಜಿಸ್ಟರ್ ಆಗುವ ಮುಂಚೆ ಬೆಲೆಯ 10 ಶೇಕಡಕ್ಕಿಂತ ಜಾಸ್ತಿ ದುಡ್ಡು ಕೇಳುವ ಹಾಗಿಲ್ಲ, ಯಾರು ಒತ್ತಾಯ ಮಾಡಿದರೂ ಕೊಡಬೇಡಿ. ಕಟ್ಟಿ ಮುಗಿದ ಮೇಲೆ ಅಳತೆ ಕಡಿಮೆಯಾದರೆ ದುಡ್ಡು ವಾಪಸ್ ಹೇಗೆ, ಹೆಚ್ಚಾದರೆ ಎಷ್ಟರವರೆಗೆ ಕೇಳಬಹುದು ಅನ್ನುವ ಷರತ್ತನ್ನು ಕೂತು ಓದಿ.

ಯುಡಿಎಸ್, ಅಂದರೆ ಜಮೀನಿನಲ್ಲಿ ನಿಮ್ಮ ಪಾಲು, ಅದೂ ಎಷ್ಟು ಅಂತ ಬರೆಸಿಕೊಳ್ಳಿ. ಇನ್ನೊಂದು, ಮೆಂಟೆನೆನ್ಸ್ ಯಾವ ಅಳತೆ ಮೇಲೆ ಅಂತ ಕೇಳಿದ್ದೀರಾ? ಅಡಿಗೆ 4 ರೂಪಾಯಿ ಅಂದುಕೊಳ್ಳಿ, 860ಕ್ಕಾದರೆ ತಿಂಗಳಿಗೆ 3440, 1200ಕ್ಕಾದರೆ 4800. ಇಲ್ಲಿ ಸುಮಾರು ಕಡೆ 1200ರ ಮೇಲೇ ಹಾಕುತ್ತಾರೆ.